ಹಾಡು ತುಂಬಿಸಿದ ಕ್ಯಾಸೆಟ್ಟು

ಮೆಚ್ಚಿದ ಹಾಡುಗಳನ್ನು ಆರಿಸಿ ತುಂಬಿಸಿದ ಕ್ಯಾಸೆಟ್ಟು ಇಂದಿನ ಪ್ಲೇಲಿಸ್ಟಿನ ಹಿರಿಯಕ್ಕ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಡಬ್ಬಿ 1980ರ ದಶಕದ ಹೊತ್ತಿಗೆ ಕರ್ನಾಟಕದ ಪೇಟೆಗಳಿಗೂ ಬಂದಿತ್ತು. ಚೀಟಿಯಲ್ಲಿ ಪಟ್ಟಿ ಬರೆದುಕೊಟ್ಟರೆ ಅಂಗಡಿಯವರು ಖಾಲಿ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿಕೊಡುತ್ತಿದ್ದರು. 60 ನಿಮಿಷದ ಕ್ಯಾಸೆಟ್ಟಾದರೆ ಒಂದು ಬದಿಗೆ 30 ನಿಮಿಷ, ಅಂದರೆ ನಾಲ್ಕು ನಿಮಿಷದ ಏಳು ಹಾಡು. ಎಂಟನೆಯದನ್ನು ತುರುಕಿದರೆ ಚರಣದ ನಡುವೆಯೇ ಟೇಪು ಮುಗಿಯುತ್ತಿತ್ತು. ಗಾಯಕ ಪಿ.ಬಿ. ಶ್ರೀನಿವಾಸ್ ಅವರ ಹಾಡು ಆದ ಮೇಲೆ ಗಾಯಕಿ ಎಸ್. ಜಾನಕಿಯವರದೋ, ಒಂದು ಭಾವಗೀತೆಯೋ ಎಂದು ಜೋಡಿಸುವುದರಲ್ಲೇ ಪಟ್ಟಿ ಮಾಡುವವರ ನಿಜವಾದ ಕುಶಲತೆ ಇತ್ತು. ಕ್ಯಾಸೆಟ್ಟನ್ನು ಉಡುಗೊರೆಯಾಗಿ ಕೊಡುವವರ ಮನಸ್ಸೂ ಅಲ್ಲೇ ಕಾಣುತ್ತಿತ್ತು. ಅಂಚಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದರೆ ಯಾರೂ ಅಪ್ಪಿತಪ್ಪಿ ಅಳಿಸುವಂತಿರಲಿಲ್ಲ. ಮದುವೆಯಾಗಿ ಹೋದ ಅಕ್ಕನಿಗೆ, ಹಾಸ್ಟೆಲಿನ ಗೆಳೆಯನಿಗೆ ಹೀಗೆ ಕೊಟ್ಟ ಕ್ಯಾಸೆಟ್ಟನ್ನು ಮತ್ತೆ ಮತ್ತೆ ಕೇಳಿದವರಿಗೆ, ರೇಡಿಯೋದಲ್ಲಿ ಅದರ ಒಂದು ಹಾಡು ಮುಗಿದರೂ ಸಾಕು, ಆ ಕ್ಯಾಸೆಟ್ಟಿನ ಮುಂದಿನ ಹಾಡು ತಾನಾಗಿಯೇ ಬಾಯಿಗೆ ಬರುತ್ತದೆ.