ಬೆಳ್ಳಿಯ ಮಾತು ಯಾರಿಗೆ ಬೇಕಿತ್ತು?

ನವ್ಯದವರು ನಮಗೆ ಬಿಟ್ಟುಹೋದ ಮಾತುಗಳಲ್ಲಿ 'ಪ್ರಾಮಾಣಿಕತೆ' ಅನ್ನೋದು ಬಲು ದೊಡ್ಡದು. ಕವಿ ಪ್ರಾಮಾಣಿಕನಾ, ಅವನ ಅನುಭವ ಪ್ರಾಮಾಣಿಕವಾ ಅಂತ ಒರೆ ಹಚ್ಚಿ ನೋಡಿದರು. ಆ ಒರೆಗೆ ಬಂಗಾರದ ಹಾಗೆ ನಿಂತವನು ಅನಂತಮೂರ್ತಿಯವರ 'ಸಂಸ್ಕಾರ'ದ ಪ್ರಾಣೇಶಾಚಾರ್ಯ. 1965ರಲ್ಲಿ ಕಾದಂಬರಿ ಬಂತು, 1970ರಲ್ಲಿ ಸಿನಿಮಾ ಆಯಿತು, 1976ರಲ್ಲಿ ಎ.ಕೆ. ರಾಮಾನುಜನ್ ಅದನ್ನು ಇಂಗ್ಲಿಷಿಗೆ ಕೊಂಡೊಯ್ದರು. ತನ್ನ ಆತ್ಮವಂಚನೆಯನ್ನು ತಾನೇ ಕಂಡುಕೊಂಡ ಮನುಷ್ಯನ ಕಥೆ ಇದು ಅಂತ ಕ್ಲಾಸಿನಲ್ಲಿ ಹೇಳಿಕೊಡುತ್ತಾರೆ.

ಕಂಡುಕೊಂಡದ್ದು ಸುಳ್ಳಲ್ಲ. ಕಾಯಿಲೆಯ ಹೆಂಡತಿ ಭಾಗೀರಥಿಯ ಸೇವೆಯನ್ನೇ ಮೋಕ್ಷದ ಮೆಟ್ಟಿಲು ಮಾಡಿಕೊಂಡಿದ್ದವನು, ಕಾಡಿನ ಕತ್ತಲಲ್ಲಿ ಚಂದ್ರಿಯನ್ನು ಕೂಡಿದ ಮೇಲೆ, ತನ್ನ ತ್ಯಾಗದ ಒಳಗೇ ಆಸೆ ಕೂತಿತ್ತು ಅಂತ ಅರಿಯುತ್ತಾನೆ. ಆಮೇಲೆ ಪುಟಗಟ್ಟಲೆ ತನ್ನನ್ನು ತಾನೇ ಬಗೆದು ನೋಡಿಕೊಳ್ಳುತ್ತಾನೆ. ಆ ಪುಟಗಳನ್ನು ಹಗುರ ಮಾಡಿ ಮಾತಾಡುವ ಉದ್ದೇಶ ನನಗಿಲ್ಲ. ಕನ್ನಡ ಗದ್ಯ ಅಲ್ಲಿ ಮಸೆದ ಕತ್ತಿಯ ಹಾಗೆ ಕೆಲಸ ಮಾಡಿದೆ.

ಆದರೆ ಬಗೆದದ್ದು ತನ್ನ ಎದೆಯನ್ನು ಮಾತ್ರ. ಎದೆಯ ಆಚೆ ದೂರ್ವಾಸಪುರದಲ್ಲಿ ಏನಾಗ್ತಿತ್ತು?

ನಾರಣಪ್ಪ ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದು ಸಾಯುತ್ತಾನೆ. ಆಚಾರ ಕೆಟ್ಟವನ ಹೆಣ ಎತ್ತೋರು ಯಾರು ಅಂತ ಅಗ್ರಹಾರ ಒಲೆ ಹಚ್ಚದೆ ಕೂರುತ್ತದೆ. ಆಚಾರ್ಯ ಓಲೆಗರಿ ತಿರುವುತ್ತಾನೆ, ಮಾರುತಿಯ ಮುಂದೆ ಹೂವಿನ ಪ್ರಸಾದಕ್ಕೆ ಕಾಯುತ್ತಾನೆ. ಓಲೆಗರಿಯಲ್ಲೂ ಉತ್ತರ ಇಲ್ಲ, ದೇವರ ಹತ್ತಿರವೂ ಇಲ್ಲ. ಅದೇ ಹೊತ್ತಿಗೆ ಹೊಲಗೇರಿಯಲ್ಲಿ ಇಲಿಗಳು ಸಾಯುತ್ತಿವೆ. ಜನರ ಮೈ ಕಾದ ಹೆಂಚಾಗಿದೆ. ಒಂದರ ಹಿಂದೆ ಒಂದು ಜೀವ ಹೋಗುತ್ತದೆ, ಹೆಣವಿದ್ದ ಗುಡಿಸಲಿಗೇ ಬೆಂಕಿ ಕೊಡುತ್ತಾರೆ. ಅಲ್ಲಿ ಯಾರೂ ಧರ್ಮಶಾಸ್ತ್ರ ಕೇಳಲಿಲ್ಲ. ಒಂದು ಹೆಣಕ್ಕೆ ಇಡೀ ಕಾದಂಬರಿ. ಉಳಿದ ಹೆಣಗಳಿಗೆ ನಾಲ್ಕಾರು ಸಾಲು.

ಇಷ್ಟನ್ನು ನಮ್ಮೋರು ಹಿಂದೆಯೇ ಹೇಳಿರಬಹುದು. ನನ್ನ ಮಾತು ಇದರ ಮುಂದಿನದು. ಊರಿಗೆ ಬಂದದ್ದು ಪ್ಲೇಗು. ಅದರ ಸುದ್ದಿ ಮೊದಲು ಗೊತ್ತಿದ್ದದ್ದು ಯಾರಿಗೆ? ಬೆಳ್ಳಿಗೆ. ಕದ್ದು ತನ್ನ ಬಳಿ ಬಂದ ಶ್ರೀಪತಿಗೆ ಅವಳು ಹೇಳುತ್ತಾಳೆ: ಅಪ್ಪ-ಅವ್ವ ಜ್ವರದಲ್ಲಿ ಬಿದ್ದಿದ್ದಾರೆ, ಇಲಿಗಳು ಹೀಗೆ ಮಾಡ್ತಿವೆ ಅಂತ. ಅವನಿಗೆ ಅವಳ ಮೈ ಬೇಕು, ಮಾತು ಬೇಡ. ಹಿತ್ತಿಲಲ್ಲಿ ನಿಂತ ಇನ್ನೊಬ್ಬ ಹೊಲತಿ ಅಗ್ರಹಾರದ ಹೆಂಗಸಿಗೆ ಸಾವಿನ ಸುದ್ದಿಯನ್ನೇ ಹೇಳುತ್ತಾಳೆ. ಅದು ಹಿತ್ತಿಲಲ್ಲೇ ಉಳಿಯಿತು. ಕಾಶಿಯಲ್ಲಿ ಓದಿದ ಪಂಡಿತನಿಗೆ ತಿಳಿಯದ್ದು ಹಿತ್ತಿಲ ತನಕ ನಡೆದು ಬಂದಿತ್ತು. ಅದನ್ನು ತಿಳುವಳಿಕೆ ಅಂತ ಒಪ್ಪುವ ಕಿವಿ ಆ ಊರಲ್ಲಿ ಇರಲಿಲ್ಲ. ಹದ್ದುಗಳು ಸೂರಿನ ಮೇಲೆ ಕೂತಾಗ ಶಂಖ ಊದಿ ಜಾಗಟೆ ಬಡಿದು ಓಡಿಸಿದರು. ಕಣ್ಣೆದುರಿನ ಸಾಕ್ಷಿಯನ್ನು ಸದ್ದು ಮಾಡಿ ಓಡಿಸೋದು ಅಂದರೆ ಇದೇ ಅಲ್ಲವಾ?

ಇನ್ನೊಂದು. ಆ ಹೆಣ ಕಾಡಿನ ಆ ರಾತ್ರಿಯೇ ಸುಟ್ಟು ಹೋಗಿದೆ. ಚಂದ್ರಿ ಮೀನಿನ ವ್ಯಾಪಾರದ ಅಹಮದ್ ಬ್ಯಾರಿಯನ್ನು ಕರೆದು, ಗಾಡಿ ಕಟ್ಟಿಸಿ, ಬೆಳಗಾಗುವ ಮೊದಲೇ ಬೂದಿ ಮಾಡಿ ಊರು ಬಿಡುತ್ತಾಳೆ. ಅಗ್ರಹಾರದವರು ಅದನ್ನು ತಿಳಿಯದೆ ಮಠದವರೆಗೂ ನಡೆಯುತ್ತಾರೆ. ಹಾಗೆ ನಡೆದವರಲ್ಲಿ ಒಬ್ಬನೂ ಬಾಗಿಲು ತೆಗೆದು ಹೆಣ ಇದೆಯಾ ಅಂತ ನೋಡಲಿಲ್ಲ. ಆತ್ಮವಂಚನೆ ಅಂದರೆ ಮನಸ್ಸಿನ ಆಳದಲ್ಲಿರೋ ಏನೋ ನಿಗೂಢ ಅಂತ ನಮ್ಮ ವಿಮರ್ಶೆ ಹೇಳಿಕೊಂಡು ಬಂತು. ಬಹಳ ಸಲ ಅದು ಇಷ್ಟೇ: ಬಾಗಿಲು ತೆಗೆದು ನೋಡದೆ ಇರೋದು.

ಆಚಾರ್ಯನ ಆತ್ಮಶೋಧನೆಗೂ ಈ ಬಾಗಿಲು ಸಿಕ್ಕಲಿಲ್ಲ. ತಾನು ಚಂದ್ರಿಯನ್ನು ಮುಟ್ಟಿದ್ದರ ಬಗ್ಗೆ ಅವನಿಗೆ ಎಷ್ಟೊಂದು ಚಿಂತೆ! ಬೆಳ್ಳಿಯ ನೆನಪು ಬಂದರೂ ಅದು ಎದೆ, ಮೈ ಅಂತ ಬರುತ್ತದೆ, ಸತ್ತವರ ಮನೆಯ ಹುಡುಗಿ ಅಂತ ಬರೋದಿಲ್ಲ. ತನ್ನನ್ನು ತಾನು ಬಯ್ದುಕೊಳ್ಳುವುದರಲ್ಲೂ ಒಂದು ಸುಖ ಇದೆ. ಅಲ್ಲಿಯೂ ನಾಯಕ ತಾನೇ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಗುಡಿಸಲು ಸುಟ್ಟದ್ದು, ಬೆಳ್ಳಿ ಮಾತಾಡಿದ್ದು ನಮಗೆ ಗೊತ್ತಾದದ್ದು ಕಾದಂಬರಿಯಿಂದಲೇ. ಅನಂತಮೂರ್ತಿ ಆ ಸಾಲುಗಳನ್ನು ಬರೆದಿಟ್ಟರು. ಬೆಳ್ಳಿಗೆ ಒಂದು ಮನಸ್ಸು ಕೊಡಲಿಲ್ಲ ಅನ್ನೋ ತಕರಾರು ನನಗೂ ಇದೆ. ಆದರೆ ಆಚಾರ್ಯನ ಕುರುಡನ್ನು ಕಾದಂಬರಿ ಕಂಡಷ್ಟೂ ಅದರ ವಿಮರ್ಶಕರು ಕಾಣಲಿಲ್ಲ. ದ್ವಂದ್ವ, ಅಸ್ತಿತ್ವ, ಆಯ್ಕೆ ಅಂತ ಆಚಾರ್ಯನ ಹಿಂದೆಯೇ ನಡೆದುಬಿಟ್ಟರು.

ಹಾಗಂತ ಪುಸ್ತಕವನ್ನೇ ಮೂಲೆಗೆ ಎಸೆಯಬೇಕಾ? 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ಆ ಒಂದು ಮಾತಿಗೆ ಮಂತ್ರಿಗಿರಿ ಕಳೆದುಕೊಂಡರು. ಬೆಲೆ ಕೊಟ್ಟು ಆಡಿದ ಮಾತು ಅದು. ಅದನ್ನೇ ಈಗ ಓದದೆ ಇರೋದಕ್ಕೆ ನೆಪ ಮಾಡಿಕೊಂಡವರು ನಮ್ಮಲ್ಲಿ ಇದ್ದಾರೆ. ಓದದೆ ಬೂಸಾ ಅನ್ನೋರಿಗೂ, ಬೆಳ್ಳಿಯ ಮಾತು ಬೇಡ ಅಂದ ಶ್ರೀಪತಿಗೂ ಏನು ವ್ಯತ್ಯಾಸ? ಊರಿನ ಮೇಷ್ಟ್ರುಗಳು ಈ ಪುಸ್ತಕ ತೆಗೆದಾಗ ಹುಡುಗರಿಗೆ ಒಂದು ಕೆಲಸ ಕೊಡಲಿ: ಇದರಲ್ಲಿ ಎಷ್ಟು ಜನ ಸತ್ತರು, ಎಣಿಸಿ. ಯಾರನ್ನು ಎಣಿಸದೆ ಬಿಡುತ್ತಾರೆ ಅನ್ನೋದರಲ್ಲೇ ಅರ್ಧ ಪಾಠ ಆಗುತ್ತೆ.

ಇನ್ನು ನಮ್ಮ ಬರವಣಿಗೆಗೆ ಬರೋಣ. ನಮ್ಮ ಕವನಗಳಲ್ಲಿ ಅವ್ವ ಯಾವಾಗಲೂ ಬಾಗಿರುತ್ತಾಳೆ, ಕೈಯಲ್ಲಿ ಪೊರಕೆ ಇಲ್ಲವೇ ಕುಡುಗೋಲು, ಕಣ್ಣಲ್ಲಿ ನೀರು. ಅವಳು ಒಂದು ಸಲವೂ ಮಗನ ಜೊತೆ ಜಗಳ ಆಡೋದಿಲ್ಲ. ಅವಳ ನೋವು ನಮಗೆ ಬೇಕು, ಅವಳ ಮಾತು?

ಅಂಬೇಡ್ಕರ್ ಹೇಳಿದ ಶ್ರೇಣೀಕೃತ ಅಸಮಾನತೆಯನ್ನು ಭಾಷಣದಲ್ಲಿ ಮೇಲಿನವರಿಗೆ ತೋರಿಸುತ್ತೇವೆ. ಮೆಟ್ಟಿಲು ನಮ್ಮ ಕೇರಿಯ ಒಳಗೂ ಇಳಿದಿದೆ. ಒಳಮೀಸಲಾತಿಗಾಗಿ 2005ರಲ್ಲಿ ಸದಾಶಿವ ಆಯೋಗ ಆಯಿತು, 2012ರಲ್ಲಿ ವರದಿ ಕೊಟ್ಟಿತು. ಅದು ವರ್ಷಗಟ್ಟಲೆ ಕೊಳೆಯಿತು. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳವರ್ಗೀಕರಣ ಮಾಡಬಹುದು ಅಂದಿತು. ಈ ನಡುವೆ 'ನಾವೆಲ್ಲ ಒಂದೇ, ಒಗ್ಗಟ್ಟು ಒಡೀಬೇಡಿ' ಅನ್ನೋ ಶಂಖ ನಮ್ಮಲ್ಲೂ ಊದಿತು. ಊದಿದವರು ಆ ಇನ್ನೊಂದು ಕೇರಿಯಲ್ಲಿ ನೆಂಟಸ್ತನ ಮಾಡಿದ್ದಾರಾ? ಅಲ್ಲಿಯ ಹುಡುಗರು ಹತ್ತು ವರ್ಷಗಳಿಂದ ಏನು ಹೇಳ್ತಿದ್ದಾರೆ ಅಂತ ಕೂತು ಕೇಳಿದ್ದಾರಾ? ಅಷ್ಟು ದೂರ ಹೋಗೋದೂ ಬೇಡ. ನಮ್ಮ ಕಳೆದ ಐದು ಕವಿಗೋಷ್ಠಿಗಳ ಪಟ್ಟಿ ತೆಗೆದು ನೋಡಿ, ಹೆಂಗಸರು ಎಷ್ಟು, ಯಾವ ಕೇರಿಯವರು ಎಷ್ಟು. ಪಟ್ಟಿ ಸಂಘಟಕರ ಜೇಬಲ್ಲೇ ಇದೆ.