ಮೊದಲ ಏಟು ಟ್ರೈನಿಗಳಿಗೆ

ಸಾರಿಗೆ ನೌಕರರ 2021ರ ಏಪ್ರಿಲ್ ಮುಷ್ಕರವನ್ನು ಸೋತ ಮುಷ್ಕರ ಎಂದು ಒಂದೇ ಮಾತಿನಲ್ಲಿ ಮುಗಿಸಿದವರೇ ಹೆಚ್ಚು. ಏಪ್ರಿಲ್ 7ಕ್ಕೆ ಶುರುವಾಯಿತು, 21ಕ್ಕೆ ಮುಗಿಯಿತು, ಆರನೇ ವೇತನ ಆಯೋಗದ ಸಂಬಳ ಕೈಗೆ ಬರಲಿಲ್ಲ. ಬೇಡಿಕೆಯನ್ನಷ್ಟೇ ಅಳೆದರೆ ಅದು ಸೋಲೇ. ಆದರೆ ಮುಷ್ಕರವನ್ನು ಇನ್ನೊಂದು ಕಡೆಯಿಂದಲೂ ತೂಗಬೇಕು. ಆ ಹದಿನೈದು ದಿನಗಳಲ್ಲಿ ಎಲ್ಲರಿಗಿಂತ ಮೊದಲು ಕೆಲಸ ಕಳೆದುಕೊಂಡವರು ಯಾರು? ಅವರ ಹಿಂದೆ ಯಾರು ನಿಂತರು, ಅವರನ್ನು ಗೇಟಿನ ಹೊರಗೇ ಬಿಟ್ಟು ಡ್ಯೂಟಿಗೆ ಹತ್ತಿದವರು ಯಾರು? ಈ ಲೆಕ್ಕದಲ್ಲಿ ನೋಡಿದರೆ ಸೋತದ್ದು ಬರೀ ಒಂದು ವೇತನ ಬೇಡಿಕೆಯಲ್ಲ ಎಂಬುದು ತಿಳಿಯುತ್ತದೆ. ನಮ್ಮ ಕಾರ್ಮಿಕ ಸಂಘಟನೆಗಳು ಬಹುಕಾಲದಿಂದ ಪಾಲಿಸಿಕೊಂಡು ಬಂದ ಒಂದು ರೂಢಿ ಅಲ್ಲಿ ಬಯಲಿಗೆ ಬಿತ್ತು.

ರಾಮನಗರ ವಿಭಾಗದ ಯಾವ ಘಟಕವನ್ನು ಬೇಕಾದರೂ ತೆಗೆದುಕೊಳ್ಳಿ, ಚನ್ನಪಟ್ಟಣ, ಕನಕಪುರ, ಮಾಗಡಿ. ಎಲ್ಲ ಕಡೆ ಸೇವಾ ಹಿರಿತನವೇ ಕಾನೂನು. ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದವರಿಗೆ ಗೊತ್ತಾದ ಶೆಡ್ಯೂಲ್ ಇರುತ್ತದೆ, ಗೊತ್ತಾದ ವಾರದ ರಜೆ ಇರುತ್ತದೆ. ಹೊಸಬ ಬೆಳಗಿನ ಜಾವ ಡಿಪೋಗೆ ಬಂದು, ಯಾರು ರಜೆ ಹಾಕಿದರೋ ಅವರ ಜಾಗ ತುಂಬಲು ಕಾದು ಕೂರುತ್ತಾನೆ. ಹಬ್ಬದ ದಿನದ ಡ್ಯೂಟಿ, ಹಳ್ಳಿಯಲ್ಲಿ ರಾತ್ರಿ ತಂಗುವ ನೈಟ್ ಔಟ್ ಹೆಚ್ಚಾಗಿ ಅವನ ಪಾಲಿಗೇ. ಇದರಲ್ಲಿ ಅನ್ಯಾಯವೇನೂ ಇಲ್ಲ ಎಂದು ಹಿರಿಯರು ಹೇಳುತ್ತಾರೆ, ತಾವೂ ಹಾಗೆಯೇ ಮೇಲೆ ಬಂದವರು ಎನ್ನುತ್ತಾರೆ. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮೇಲಧಿಕಾರಿಯ ಮರ್ಜಿಗೆ ಡ್ಯೂಟಿ ಹಂಚುವುದಕ್ಕಿಂತ ಹಿರಿತನದ ಪಟ್ಟಿ ಎಷ್ಟೋ ಮೇಲು; ಅದನ್ನು ಗೆದ್ದುಕೊಂಡದ್ದೇ ಹಳೆಯ ಸಂಘಟನೆಗಳು. ಆದರೆ ಡ್ಯೂಟಿ ಹಂಚಲು ಮಾಡಿಕೊಂಡ ಪಟ್ಟಿ ಕಷ್ಟ ಹಂಚುವುದಕ್ಕೂ ಬಳಕೆಯಾದರೆ ಅದು ಕೆಡುತ್ತದೆ. ಸವಲತ್ತು ಮೇಲಿನಿಂದ ಇಳಿಯುತ್ತದೆ, ಶಿಕ್ಷೆ ಕೆಳಗಿನಿಂದ ಹತ್ತುತ್ತದೆ. 2021ರಲ್ಲಿ ಆದದ್ದು ಅದೇ.

ಅದಕ್ಕೂ ನಾಲ್ಕು ತಿಂಗಳು ಮೊದಲು, 2020ರ ಡಿಸೆಂಬರ್ 11ರಿಂದ 14ರವರೆಗೆ ಬಸ್ಸುಗಳು ನಿಂತಿದ್ದವು. ಆ ಮುಷ್ಕರವನ್ನು ಎಬ್ಬಿಸಿದ್ದು ಎಐಟಿಯುಸಿ ಜೊತೆಗಿನ ಹಳೆಯ ಫೆಡರೇಷನ್ ಅಲ್ಲ; ಹೊಸದಾಗಿ ಕಟ್ಟಿಕೊಂಡ ಸಾರಿಗೆ ನೌಕರರ ಕೂಟ. ಅದರ ಗೌರವಾಧ್ಯಕ್ಷರಾಗಿ ನಿಂತವರು ರೈತ ಮುಖಂಡ ಕೋಡಿಹಳ್ಳಿ ಚಂದ್ರಶೇಖರ್. ಸರ್ಕಾರದ ಮುಂದೆ ಇಟ್ಟ ಬೇಡಿಕೆಗಳಲ್ಲಿ ಎರಡನ್ನು ಗಮನಿಸಬೇಕು: ತರಬೇತಿ ಅವಧಿಯನ್ನು ಎರಡು ವರ್ಷದಿಂದ ಒಂದು ವರ್ಷಕ್ಕೆ ಇಳಿಸುವುದು, ಅಂತರ ನಿಗಮ ವರ್ಗಾವಣೆಗೆ ಅವಕಾಶ ಕೊಡುವುದು. ಎರಡೂ ಕಿರಿಯರ ಬೇಡಿಕೆಗಳು. ವಿಜಯಪುರ, ಬಾಗಲಕೋಟೆ, ಕೊಪ್ಪಳದ ಕಡೆಯ ಹುಡುಗರು ದಕ್ಷಿಣದ ಘಟಕಗಳಲ್ಲಿ ಚಾಲಕ–ನಿರ್ವಾಹಕರಾಗಿ ತುಂಬಿದ್ದಾರೆ. ಊರಿಗೆ ಹೋಗಿಬರಲೇ ಎರಡು ದಿನ ಬೇಕು. ಮೂವತ್ತು ವರ್ಷ ಸೇವೆ ಮಾಡಿದ ಸ್ಥಳೀಯ ಚಾಲಕನಿಗೆ ಇವೆರಡರಿಂದ ಯಾವ ಲಾಭವೂ ಇರಲಿಲ್ಲ. ಅಂಥ ಬೇಡಿಕೆ ಪಟ್ಟಿಯ ಒಳಗೆ ಬಂದದ್ದೇ ಕೂಟದ ದೊಡ್ಡ ಸಾಧನೆ ಎಂದು ನಾನು ಎಣಿಸುತ್ತೇನೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ವೇತನ ಪರಿಷ್ಕರಣೆಯ ಮಾತುಕತೆಯಲ್ಲಿ ಶೇಕಡಾ ಎಷ್ಟು ಎಂಬುದರ ಸುತ್ತಲೇ ಚರ್ಚೆ ಸುತ್ತುತ್ತಿದ್ದ ಕಾಲದಲ್ಲಿ ಇಂಥ ದನಿ ಕೇಳಿಸುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಹಟ ಒಂದೇ ಬೇಡಿಕೆಯ ಮೇಲೆ ನಿಂತಿತು: ಆರನೇ ವೇತನ ಆಯೋಗದ ಪ್ರಕಾರ ಸಂಬಳ. ಯಡಿಯೂರಪ್ಪನವರ ಸರ್ಕಾರ ಶೇ. 8ರ ಮಧ್ಯಂತರ ಹೆಚ್ಚಳಕ್ಕಿಂತ ಮುಂದೆ ಬರಲಿಲ್ಲ. ನಾಲ್ಕು ಸಾರಿಗೆ ನಿಗಮಗಳ ಸುಮಾರು 1.30 ಲಕ್ಷ ನೌಕರರ ಮಾರ್ಚ್ ಸಂಬಳ ತಡೆಹಿಡಿಯಿತು. ಯುಗಾದಿಯ ಹಿಂದಿನ ದಿನ ನೌಕರರ ಮನೆಯ ಹೆಂಗಸರು ಮಕ್ಕಳು ತಟ್ಟೆ ಲೋಟ ಬಡಿದು ಬೀದಿಗೆ ಬಂದರು. ಖಾಸಗಿ ಬಸ್ಸುಗಳು ಸರ್ಕಾರಿ ನಿಲ್ದಾಣಕ್ಕೆ ನುಗ್ಗಿದವು.

ನಿಗಮ ಬೀಸಿದ ಮೊದಲ ಏಟು ಬಿದ್ದದ್ದು ತರಬೇತಿ ಅವಧಿಯಲ್ಲಿದ್ದ ಟ್ರೈನಿಗಳಿಗೆ. ಹಾಜರಾಗದಿದ್ದರೆ ವಜಾ ಎಂಬ ನೋಟಿಸು, ಅದರ ಹಿಂದೆಯೇ ಆದೇಶ. ಇದು ಲೆಕ್ಕ ಹಾಕಿಯೇ ಹೊಡೆದ ಏಟು. ಕಾಯಂ ನೌಕರನನ್ನು ತೆಗೆಯಬೇಕಾದರೆ ಆರೋಪಪಟ್ಟಿ ಕೊಡಬೇಕಿತ್ತು, ಇಲಾಖಾ ವಿಚಾರಣೆ ನಡೆಸಬೇಕಿತ್ತು, ವಿವಾದ ಬಾಕಿ ಇದ್ದರೆ ಆಗಿನ ಕೈಗಾರಿಕಾ ವಿವಾದ ಕಾಯ್ದೆಯ 33ನೇ ಕಲಮಿನ ಪ್ರಕಾರ ಒಪ್ಪಿಗೆ ಪಡೆಯಬೇಕಿತ್ತು. ಟ್ರೈನಿಗೆ ಒಂದು ಹಾಳೆ ಸಾಕಿತ್ತು. ನಂತರ ಕಾಯಂ ನೌಕರರಲ್ಲೂ ಹಲವರು ವಜಾ ಆದರು, ಅಮಾನತಾದರು, ದೂರದ ಘಟಕಗಳಿಗೆ ವರ್ಗವಾದರು, ಕೆಲವರ ಮೇಲೆ ಪೊಲೀಸ್ ಕೇಸೂ ಬಿತ್ತು. ಅವರ ನೋವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೂ ಕತ್ತಿ ಎಲ್ಲಿ ಸುಲಭವಾಗಿ ಇಳಿಯುತ್ತದೆ ಎಂಬುದು ನಿಗಮಕ್ಕೆ ಗೊತ್ತಿತ್ತು. ಆ ಜಾಗ ಅಷ್ಟು ಮೆತ್ತಗೆ ಉಳಿದದ್ದು ದಶಕಗಳ ಒಪ್ಪಂದಗಳಲ್ಲಿ ಯಾರೂ ಅದಕ್ಕೆ ರಕ್ಷಣೆ ಕಟ್ಟದಿದ್ದರಿಂದ.

ಸಂಬಳವಿಲ್ಲದ ತಿಂಗಳು ಎಲ್ಲರಿಗೂ ಒಂದೇ ಭಾರವಲ್ಲ. ಚನ್ನಪಟ್ಟಣ ಸುತ್ತಿನ ಹಳ್ಳಿಯಲ್ಲಿ ಸ್ವಂತ ಮನೆ, ನಾಲ್ಕು ತೆಂಗಿನ ಮರ, ಮನೆಯಲ್ಲಿ ರೇಷ್ಮೆಹುಳು ಮೇಯಿಸುವ ಹೆಂಡತಿ ಇರುವ ಹಿರಿಯ ಚಾಲಕ ರಾಮನಗರದ ಗೂಡಿನ ಮಾರುಕಟ್ಟೆಗೆ ಒಂದು ಬೆಳೆ ಹಾಕಿ ತಿಂಗಳು ದೂಡಬಲ್ಲ. ಪಟ್ಟಣದಲ್ಲಿ ಬಾಡಿಗೆ ಕೋಣೆ ಹಿಡಿದು, ಊರಿಗೆ ಹಣ ಕಳಿಸುವ ಉತ್ತರ ಕರ್ನಾಟಕದ ಟ್ರೈನಿಗೆ ಅಂಥ ಆಸರೆ ಯಾವುದು? ಮುಷ್ಕರ ನಿಧಿ ಎಂಬುದೊಂದು ಇರಬೇಕಾದ್ದು ಇದಕ್ಕೇ. ಕೂಟದ ನಾಯಕತ್ವದ ಮೇಲೆ ನನ್ನ ಗಟ್ಟಿಯಾದ ತಕರಾರು ಇದೇ: ಎಲ್ಲರಿಗಿಂತ ಬಡವರೂ ಬಲಹೀನರೂ ಆದವರನ್ನು ಮುಂದಿನ ಸಾಲಿಗೆ ತಂದು ನಿಲ್ಲಿಸಿದರು, ಅವರು ಬಿದ್ದರೆ ಹಿಡಿಯುವ ಏರ್ಪಾಡನ್ನು ಮಾಡಲಿಲ್ಲ. ಕೋವಿಡ್‌ನ ಎರಡನೇ ಅಲೆ ಏರುತ್ತಿದ್ದ ವಾರಗಳಲ್ಲಿ, ಜನರ ಸಹಾನುಭೂತಿ ದಿನದಿನಕ್ಕೆ ಕರಗುತ್ತಿದ್ದಾಗ, ಮಾತುಕತೆಗೆ ಒಂದು ಮೆಟ್ಟಿಲನ್ನೂ ಉಳಿಸಿಕೊಳ್ಳಲಿಲ್ಲ. ಹೈಕೋರ್ಟು ಬಸ್ ಓಡಿಸಿ ಎಂದಾಗ ಮುಷ್ಕರ ನಿಂತಿತು. ವಜಾ ಆದವರನ್ನು ಮರಳಿ ತೆಗೆದುಕೊಳ್ಳುವ ಲಿಖಿತ ಭರವಸೆ ಯಾರ ಕೈಯಲ್ಲೂ ಇರಲಿಲ್ಲ.

ಹಳೆಯ ಫೆಡರೇಷನ್ ಈ ಮುಷ್ಕರಕ್ಕೆ ಸೇರಲಿಲ್ಲ. ಎಚ್.ವಿ. ಅನಂತ ಸುಬ್ಬರಾವ್ ಅವರ ನಾಯಕತ್ವದ ಆ ಸಂಘಟನೆಗೆ ತನ್ನದೇ ಕಾರಣಗಳಿದ್ದವು. ಅವು ಪೊಳ್ಳಲ್ಲ. ಕೈಗಾರಿಕಾ ಒಪ್ಪಂದದ ದಾರಿ ಬಿಟ್ಟು ವೇತನ ಆಯೋಗದ ಹಿಂದೆ ಹೋದರೆ ಚೌಕಾಸಿ ಮಾಡುವ ಹಕ್ಕನ್ನೇ ಬಿಟ್ಟುಕೊಟ್ಟಂತೆ ಎಂಬ ವಾದಕ್ಕೆ ತೂಕವಿದೆ. ಮುಷ್ಕರದ ಸಮಯದ ಬಗ್ಗೆ ಅವರ ಅಂದಾಜೂ ಸರಿಯಾಗಿಯೇ ಇತ್ತು. ಆದರೆ ಟ್ರೈನಿಗಳ ಮೇಲೆ ಆದೇಶ ಬಿದ್ದ ದಿನ ಮುಷ್ಕರ ಸರಿಯೇ ತಪ್ಪೇ ಎಂಬ ಚರ್ಚೆ ಹಿಂದಕ್ಕೆ ಸರಿಯಬೇಕಿತ್ತು. ಆಗ ಎದುರಿಗಿದ್ದ ಪ್ರಶ್ನೆ ಒಂದೇ, ವಿಚಾರಣೆಯಿಲ್ಲದೆ ಕಿರಿಯನೊಬ್ಬನನ್ನು ಹೊರಹಾಕಬಹುದೇ ಎಂಬುದು. ಅದಕ್ಕೆ ಉತ್ತರ ಕೊಡಲು ಕೂಟದ ಜೊತೆ ಒಪ್ಪಿಗೆ ಬೇಕಿರಲಿಲ್ಲ. ದಶಕಗಳ ಅನುಭವ, ಕಾನೂನಿನ ಜ್ಞಾನ, ವಿಧಾನಸೌಧದಲ್ಲಿ ಕೇಳಿಸುವ ದನಿ ಇದ್ದದ್ದು ಹಿರಿಯರ ಬಳಿ. ಆ ಹದಿನೈದು ದಿನ ಅದೆಲ್ಲ ದೂರವೇ ಉಳಿಯಿತು. ಮರುನೇಮಕದ ಬೇಡಿಕೆ ಪಟ್ಟಿಗಳಿಗೆ ಸೇರಿದ್ದು ಆಮೇಲೆ, ಬಸ್ಸುಗಳು ಓಡಲು ಶುರುವಾದ ಮೇಲೆ. ಮುಷ್ಕರದ ನಡುವೆಯೇ ನಿವೃತ್ತ ಚಾಲಕರನ್ನು ತಾತ್ಕಾಲಿಕವಾಗಿ ಕರೆಸಿಕೊಳ್ಳುವುದಾಗಿ ನಿಗಮ ಪ್ರಕಟಿಸಿತು. ಜೀವಮಾನವೆಲ್ಲ ಸಂಘಕ್ಕೆ ಚಂದಾ ಕೊಟ್ಟ ಯಜಮಾನರನ್ನು, ತಮ್ಮ ಮಕ್ಕಳ ವಯಸ್ಸಿನವರ ಜಾಗದಲ್ಲಿ ಸ್ಟೀರಿಂಗ್ ಹಿಡಿಯಲು ಕರೆಯುವುದು ಎಂಥ ಕ್ರೌರ್ಯ ಎಂದು ಆಗ ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಆಕಾಶದಲ್ಲಿ ವಾಹನ ನಡೆಸುವವರ ಕಥೆಯನ್ನು ಇಲ್ಲಿ ಪಕ್ಕದಲ್ಲಿಟ್ಟು ನೋಡಬೇಕು, ಏಕೆಂದರೆ ಹಿರಿತನದ ಪಟ್ಟಿಯನ್ನು ಪೈಲಟ್‌ಗಳಷ್ಟು ಬಿಗಿಯಾಗಿ ಹಿಡಿದವರು ಬೇರೆ ಯಾರೂ ಇಲ್ಲ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ 1985ರಲ್ಲಿ ಹೊಸದಾಗಿ ಸೇರುವವರಿಗೆ ಮಾತ್ರ ಕಡಿಮೆ ಸಂಬಳದ ಶ್ರೇಣಿ ತರಲು ಹೊರಟಿತು. ಈಗಾಗಲೇ ಇದ್ದ ಪೈಲಟ್‌ಗಳ ಒಂದು ಡಾಲರೂ ಕಡಿಮೆಯಾಗುತ್ತಿರಲಿಲ್ಲ. ಆದರೂ ಅವರು ಮೇ 17ರಿಂದ 29 ದಿನ ಕೆಲಸ ನಿಲ್ಲಿಸಿದರು. ಕಂಪನಿ ತರಬೇತಿ ಕೊಟ್ಟು ಸಿದ್ಧವಾಗಿಟ್ಟುಕೊಂಡಿದ್ದ ಸುಮಾರು 570 ಹೊಸ ಪೈಲಟ್‌ಗಳಲ್ಲಿ ಬಹುಪಾಲು ಜನ, ಕೆಲಸ ಹೋಗುತ್ತದೆ ಎಂಬ ಬೆದರಿಕೆ ಇದ್ದರೂ ವಿಮಾನ ಹತ್ತಲಿಲ್ಲ. ಅವರನ್ನು ತೆಗೆದುಕೊಳ್ಳಲು ಕಂಪನಿ ಒಪ್ಪದಿದ್ದಾಗ ಸಂಘ ಅವರಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಎರಡು ಶ್ರೇಣಿಯ ಸಂಬಳ ಪೂರ್ತಿ ಅಳಿಯಲಿಲ್ಲ. ಆದರೂ ಹಿರಿಯರು ತಮಗಲ್ಲದ ಹಣಕ್ಕಾಗಿ ಸಂಬಳ ಬಿಟ್ಟರು, ಕಿರಿಯರು ಇನ್ನೂ ಸಿಗದ ಕೆಲಸವನ್ನೇ ಪಣಕ್ಕಿಟ್ಟರು. ನಮ್ಮಲ್ಲಿ ಏರ್ ಇಂಡಿಯಾ ಇದರ ತಿರುಗುಮುರುಗು. ಅದರೊಳಗೆ ವಿಲೀನವಾದ ಹಿಂದಿನ ಇಂಡಿಯನ್ ಏರ್‌ಲೈನ್ಸ್‌ನ ಪೈಲಟ್‌ಗಳು 2011ರಲ್ಲಿ ಸಮಾನ ವೇತನಕ್ಕಾಗಿ ಹತ್ತು ದಿನ ಮುಷ್ಕರ ಹೂಡಿದರು. 2012ರಲ್ಲಿ ಮೂಲ ಏರ್ ಇಂಡಿಯಾದ ಪೈಲಟ್‌ಗಳ ಗಿಲ್ಡ್ 58 ದಿನ ಹೋರಾಡಿತು. ಡ್ರೀಮ್‌ಲೈನರ್ ವಿಮಾನದ ತರಬೇತಿ ಇಂಡಿಯನ್ ಏರ್‌ಲೈನ್ಸ್‌ನಿಂದ ಬಂದವರಿಗೂ ಸಿಕ್ಕರೆ ತಮ್ಮ ಬಡ್ತಿ ಹಿಂದೆ ಬೀಳುತ್ತದೆ ಎಂಬುದು ಅದರ ಕಾರಣ. ಹಿರಿತನದ ಪಟ್ಟಿಯೇ ಗೋಡೆಯಾಯಿತು. ಸುಮಾರು ನೂರು ಪೈಲಟ್‌ಗಳು ವಜಾ ಆದರು, ಮುಷ್ಕರ ಬರಿಗೈಯಲ್ಲಿ ಮುಗಿಯಿತು.

ಅಷ್ಟು ದೂರ ಹೋಗದೆಯೂ ಉದಾಹರಣೆ ಸಿಗುತ್ತದೆ. ಚನ್ನಪಟ್ಟಣದಿಂದ ಬೆಂಗಳೂರಿನ ಹೆದ್ದಾರಿ ಹಿಡಿದರೆ ಬಿಡದಿ. ಅಲ್ಲಿನ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 2020ರ ನವೆಂಬರ್ 10ರಂದು ಬೀಗ ಹಾಕಿತು. ನವೆಂಬರ್ 19ಕ್ಕೆ ಬೀಗ ತೆಗೆದರೂ ಕಾರ್ಮಿಕರು ಒಳಗೆ ಹೋಗಲಿಲ್ಲ. ಅಮಾನತಾದ ಜೊತೆಗಾರರನ್ನು ಬಿಟ್ಟು ಬರುವುದಿಲ್ಲ, ಮುಚ್ಚಳಿಕೆಗೆ ಸಹಿ ಹಾಕುವುದಿಲ್ಲ ಎಂದರು. ನಾಲ್ಕೇ ದಿನಕ್ಕೆ ಮತ್ತೆ ಬೀಗ ಬಿತ್ತು, ಹೋರಾಟ ಮುಂದಿನ ಮಾರ್ಚ್‌ವರೆಗೆ ಎಳೆಯಿತು. ಫಲದ ಬಗ್ಗೆ ವಾದ ಮಾಡಬಹುದು. ಆದರೆ ಏಟು ತಿಂದವನು ಒಳಗೆ ಬರುವ ತನಕ ನಾವೂ ಹೊರಗೇ ಎಂಬ ಮಾತನ್ನು ತಿಂಗಳುಗಟ್ಟಲೆ ಸಂಬಳವಿಲ್ಲದೆ ಉಳಿಸಿಕೊಂಡರು. ಅದೇ ರಸ್ತೆಯಲ್ಲಿ, ಆ ಹೋರಾಟ ಮುಗಿದು ತಿಂಗಳು ಕಳೆಯುತ್ತಲೇ ನಡೆದ ಬಸ್ ಮುಷ್ಕರ ಇದರಿಂದ ಏನನ್ನೂ ಕಲಿಯಲಿಲ್ಲವೆಂಬುದು ನನಗೆ ಇಂದಿಗೂ ಬೇಸರದ ಸಂಗತಿ.

2023ರ ಮಾರ್ಚ್‌ನಲ್ಲಿ ಸರ್ಕಾರ ಶೇ. 15ರ ವೇತನ ಹೆಚ್ಚಳ ಕೊಟ್ಟಿತು. 2020ರ ಜನವರಿಯಿಂದ ಸಿಗಬೇಕಿದ್ದ 38 ತಿಂಗಳ ಬಾಕಿಗಾಗಿ ಸಂಘಟನೆಗಳು ಆಮೇಲೂ ಬಡಿದಾಡಬೇಕಾಯಿತು. ವಜಾ ಆದವರಲ್ಲಿ ಹಲವರು ಕಂತುಕಂತಾಗಿ ಮರಳಿದರು. ಅಷ್ಟರಲ್ಲಿ ಕಿರಿಯ ಎಂಬವನ ರೂಪವೇ ಬದಲಾಯಿತು. 2023ರ ಜನವರಿಯಲ್ಲಿ ಬೆಂಗಳೂರು–ಮೈಸೂರು ನಡುವೆ ಓಡಲು ಶುರುವಾದ ವಿದ್ಯುತ್ ಬಸ್ಸಿನ ಮೇಲೆ ಕೆಎಸ್‌ಆರ್‌ಟಿಸಿ ಎಂದು ಬರೆದಿದೆ. ಅದರ ಚಾಲಕ ಗುತ್ತಿಗೆ ಕಂಪನಿಯವನು. ಅವನಿಗೆ ಟ್ರೈನಿಯ ಹೆಸರೂ ಇಲ್ಲ, ಮುಂದೊಂದು ದಿನ ಕಾಯಂ ಆಗುವ ಪಟ್ಟಿಯೂ ಇಲ್ಲ. ಇಂಥ ಬಸ್ಸುಗಳಿಗೆ ನಿಗಮದ ಚಾಲಕರನ್ನೇ ಹಾಕಿ ಎಂಬುದು ಸಂಘಟನೆಗಳ ಬೇಡಿಕೆ. ಬೇಡಿಕೆ ನ್ಯಾಯವಾದದ್ದೇ. ಆದರೆ ಇಂದು ಆ ಸೀಟಿನಲ್ಲಿ ಕೂತು ದುಡಿಯುತ್ತಿರುವವನ ಸಂಬಳ, ಪಾಳಿ, ವಿಶ್ರಾಂತಿಯ ಬಗ್ಗೆ ಆ ಸಾಲು ಏನನ್ನೂ ಹೇಳುವುದಿಲ್ಲ. ಅವನನ್ನು ಎಬ್ಬಿಸಿ ತಮ್ಮವನನ್ನು ಕೂರಿಸಿ ಎನ್ನುತ್ತದೆ ಅಷ್ಟೆ. ಅವನನ್ನು ಸಂಘಕ್ಕೆ ಸೇರಿಸಿಕೊಳ್ಳಲು ಅಡ್ಡಿ ಏನು? ಕಾರ್ಮಿಕ ಸಂಘಗಳ 1926ರ ಕಾಯ್ದೆ ಸದಸ್ಯತ್ವಕ್ಕೆ ಕಾಯಂ ನೌಕರಿಯನ್ನು ಷರತ್ತು ಮಾಡಿರಲಿಲ್ಲ. ಒಂದು ದಿನವೂ ಬಸ್ ಓಡಿಸದ ರೈತ ಮುಖಂಡರನ್ನು ಕರೆದು ಗೌರವಾಧ್ಯಕ್ಷರ ಕುರ್ಚಿಯಲ್ಲಿ ಕೂರಿಸಲು ಸಾಧ್ಯವಾದ ಚಳವಳಿಗೆ, ದಿನಕ್ಕೆರಡು ಸಲ ಮೈಸೂರು ರಸ್ತೆಯಲ್ಲಿ ನಿಗಮದ ಬಸ್ ಓಡಿಸುವವನ ಹೆಸರನ್ನು ಚಂದಾ ಪುಸ್ತಕದಲ್ಲಿ ಬರೆದುಕೊಳ್ಳುವುದು ಅಸಾಧ್ಯವೆಂದರೆ ನಾನು ನಂಬುವುದಿಲ್ಲ.