ಮಲ್ಲಸಂದ್ರದ ಕಲ್ಲು, ಸರ್ಕಾರದ ನಕ್ಷೆ

ಬೆಂಗಳೂರಿನ ಹೆಸರಾಂತ ಸಾರ್ವಜನಿಕ ಕಟ್ಟಡಗಳಲ್ಲಿ ಹಲವು ರೂಪ ತಳೆದದ್ದು ಖಾಸಗಿ ವಾಸ್ತುಶಿಲ್ಪ ಸಂಸ್ಥೆಗಳಲ್ಲಲ್ಲ, ಮೈಸೂರು ಸರ್ಕಾರದ ಕಚೇರಿಯಲ್ಲಿ. ಈ ಕೆಲಸಕ್ಕೆ ಗಟ್ಟಿ ಬುನಾದಿ ಹಾಕಿದವರು 1860ರ ದಶಕದಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ. ಆಡಳಿತದ ಹದಿನೆಂಟು ಇಲಾಖೆಗಳಿಗಾಗಿ ಕಟ್ಟಿದ ಅಠಾರಾ ಕಚೇರಿ 1868ರಲ್ಲಿ ಮುಗಿಯಿತು. ಕಬ್ಬನ್ ಪಾರ್ಕಿನ ವಸ್ತುಸಂಗ್ರಹಾಲಯದ ಕಟ್ಟಡ 1877ರದು. ಎರಡೂ ಕೆಂಪು, ಎರಡಕ್ಕೂ ಗ್ರೀಕ್ ಮಾದರಿಯ ಕಂಬಗಳು. ಅಠಾರಾ ಕಚೇರಿಯಲ್ಲಿ ಈಗ ಹೈಕೋರ್ಟ್ ಇದೆ. 1980ರ ದಶಕದಲ್ಲಿ ಅದನ್ನು ಕೆಡವಲು ಸರ್ಕಾರ ಮುಂದಾದಾಗ ನಾಗರಿಕರು ಎದ್ದುನಿಂತು ವಿರೋಧಿಸಿದರು. ಕಟ್ಟಡ ಉಳಿಯಿತು.

ಈ ಪರಂಪರೆಯಲ್ಲಿ ಎಲ್ಲರಿಗಿಂತ ಹೆಚ್ಚು ಗಮನ ಸಲ್ಲಬೇಕಾದವರು, ಆದರೆ ಸಾಮಾನ್ಯ ಓದುಗರಿಗೆ ಅಷ್ಟಾಗಿ ಪರಿಚಯವಿಲ್ಲದವರು ಆಟೊ ಕೋನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಅವರು 1933ರಲ್ಲಿ ಪ್ರತಿಷ್ಠಿತ ಶಿಂಕೆಲ್ ಪ್ರಶಸ್ತಿ ಗೆದ್ದರು. ಅದೇ ವರ್ಷ ಅಧಿಕಾರಕ್ಕೆ ಬಂದ ನಾಜಿಗಳಿಂದಾಗಿ ಯಹೂದಿ ಮೂಲದ ಈ ತರುಣ ದೇಶ ಬಿಡಬೇಕಾಯಿತು. ಕೆಲವು ವರ್ಷ ಈಜಿಪ್ಟಿನಲ್ಲಿದ್ದು, 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಮೈಸೂರು ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಅವರ ಬಂಧು, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅದಕ್ಕೆ ಮುನ್ನ 1935–36ರಲ್ಲಿ ಸಿ.ವಿ. ರಾಮನ್ನರ ಆಹ್ವಾನದ ಮೇರೆಗೆ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಬಂದು ಹೋಗಿದ್ದರು.

ಕೋನಿಗ್ಸ್‌ಬರ್ಗರ್ ಬಸವನಗುಡಿಯ ಕೃಷ್ಣರಾವ್ ಪಾರ್ಕಿಗೆ ಮಂಟಪ ಕಟ್ಟಿಸಿದರು, ಟಾಟಾ ಕಂಪನಿಗಾಗಿ ಜಮ್‌ಶೆಡ್‌ಪುರದ ನಗರ ಯೋಜನೆ ರೂಪಿಸಿದರು. ಅವರ ಕೈಚಳಕ ನಿಚ್ಚಳವಾಗಿ ಕಾಣುವುದು ಮಾತ್ರ ಟಾಟಾ ಇನ್‌ಸ್ಟಿಟ್ಯೂಟ್ ಆವರಣದಲ್ಲೇ. ಅಲ್ಲಿನ ಮುಖ್ಯ ಕಟ್ಟಡ, ಅಂದರೆ ಎತ್ತರದ ಗೋಪುರದ ಕಲ್ಲುಕಟ್ಟಡ, ಮುಂಬಯಿಯ ಸಿ.ಎಫ್. ಸ್ಟೀವನ್ಸ್ ಅವರದು. ನೋಡುವವರ ಕಣ್ಣೆಲ್ಲ ಅದರ ಮೇಲೆಯೇ. ಅದೇ ಆವರಣದ ಏರೋನಾಟಿಕಲ್ ಎಂಜಿನಿಯರಿಂಗ್ ವಿಭಾಗ, ಲೋಹಶಾಸ್ತ್ರ ವಿಭಾಗ ಮತ್ತು ಊಟದ ಸಭಾಂಗಣ 1940ರ ದಶಕದ ಕೋನಿಗ್ಸ್‌ಬರ್ಗರ್ ರಚನೆಗಳು. ಇವುಗಳಲ್ಲಿ ಗುಮ್ಮಟವೂ ಇಲ್ಲ, ಕೆತ್ತನೆಯೂ ಇಲ್ಲ. ಉದ್ದಕ್ಕೆ ಚಾಚಿದ ತಗ್ಗು ಕಟ್ಟಡಗಳು, ಬಿಸಿಲು ಬರುವ ದಿಕ್ಕು ನೋಡಿ ಇಟ್ಟ ಕಿಟಕಿಗಳು, ಮಳೆಯನ್ನೂ ಬಿಸಿಲನ್ನೂ ತಡೆಯುವ ಸಜ್ಜಾಗಳು, ಗಾಳಿ ಒಂದು ಮಗ್ಗುಲಿನಿಂದ ಬಂದು ಇನ್ನೊಂದರಿಂದ ಹೊರಹೋಗುವ ವಿನ್ಯಾಸ. ಬೆಂಗಳೂರಿನ ಹವೆಯನ್ನು ಇಷ್ಟು ಎಚ್ಚರದಿಂದ ಓದಿದ ಸರ್ಕಾರಿ ವಾಸ್ತುಶಿಲ್ಪಿ ಮತ್ತೊಬ್ಬರಿಲ್ಲ ಎನ್ನಬಹುದು.

1948ರಲ್ಲಿ ಅವರು ಭುವನೇಶ್ವರದ ಯೋಜನೆ ತಯಾರಿಸಿದರು, ಅದೇ ವರ್ಷ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ದೆಹಲಿಗೆ ಹೋದರು. ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪ ಕಲಿಸುವ ವಿಭಾಗವನ್ನು ಮುನ್ನಡೆಸಿದರು. 1970ರ ದಶಕದಲ್ಲಿ ಅವರೂ ಸಹಲೇಖಕರೂ ಬರೆದ, ಉಷ್ಣವಲಯದ ಮನೆ ಮತ್ತು ಕಟ್ಟಡಗಳ ಕೈಪಿಡಿ ಭಾರತದ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಇಂದಿಗೂ ಪಠ್ಯ.

ಅವರು ಹೋದ ಮೇಲೆ ಸರ್ಕಾರದ ರುಚಿ ಬೇರೆಡೆಗೆ ಹೊರಳಿತು. 1951ರ ಜುಲೈ 13ರಂದು ನೆಹರೂ ವಿಧಾನಸೌಧಕ್ಕೆ ಅಡಿಗಲ್ಲಿಟ್ಟಾಗ ಇದ್ದದ್ದು ಸರಳ ನಕ್ಷೆ. ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯ ಅದನ್ನು ಬದಲಿಸಿ, ದ್ರಾವಿಡ ಶೈಲಿಯ ಭವ್ಯ ಸೌಧವನ್ನು ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರಿಂದ ಕಟ್ಟಿಸಿದರು. 700 ಅಡಿ ಉದ್ದ, 350 ಅಡಿ ಅಗಲದ ಈ ಕಟ್ಟಡ 1956ರಲ್ಲಿ ಪೂರ್ಣಗೊಂಡಿತು. ಸಾವಿರಾರು ಕೂಲಿಗಳ ಜೊತೆಗೆ ಕಲ್ಲುಕುಟಿಗರು, ಬಡಗಿಗಳು, ಜೈಲಿನ ಕೈದಿಗಳೂ ದುಡಿದರು. ಅಲಂಕಾರಕ್ಕೆ ಮಾಗಡಿಯ ನಸುಗೆಂಪು ಕಲ್ಲು, ತುರುವೇಕೆರೆಯ ಹಸಿರುಗಪ್ಪು ಕಲ್ಲು ಬಂದವು. ಗೋಡೆಯ ಬೆಣಚುಕಲ್ಲು ಹೆಸರಘಟ್ಟದ ಸುತ್ತಿನಿಂದ ಮತ್ತು ಬೆಂಗಳೂರಿನ ನಾಗಸಂದ್ರದ ನೆರೆಯ ಮಲ್ಲಸಂದ್ರದಿಂದ ಬಂತು. ಕಾರ್ಖಾನೆ, ಗೋದಾಮು, ಬಡಾವಣೆಗಳು ಒತ್ತೊತ್ತಾಗಿ ತುಂಬಿರುವ ಈ ಭಾಗಕ್ಕೆ ಅದು ಸಣ್ಣ ಹೆಮ್ಮೆಯಲ್ಲ.

ವಿಧಾನಸೌಧದ ಜೀವ ಇರುವುದು ಆ ಕಲ್ಲಿನಲ್ಲಿ, ಅದನ್ನು ಕಡೆದ ಕೈಗಳಲ್ಲಿ. ಬಿಸಿಲು, ಗಾಳಿಗಳ ಲೆಕ್ಕಾಚಾರದಲ್ಲಿ ಮಾತ್ರ ಕೋನಿಗ್ಸ್‌ಬರ್ಗರ್ ಕಟ್ಟಡಗಳದೇ ಮೇಲುಗೈ. ಆದರೂ 2005ರಲ್ಲಿ ವಿಧಾನಸೌಧದ ಪಕ್ಕದಲ್ಲೇ ಉದ್ಘಾಟನೆಯಾದ ವಿಕಾಸಸೌಧಕ್ಕೆ ಸರ್ಕಾರ ಮಾದರಿಯಾಗಿ ಆರಿಸಿಕೊಂಡದ್ದು ವಿಧಾನಸೌಧದ ಹೊರರೂಪವನ್ನು.